ನಿಬಂಧನೆಯಿಲ್ಲದ ಆವರ್ತನ

ಒಂದೇ ಕಾರ್ಯವನ್ನು ಮತ್ತೆ ಮತ್ತೆ ಮಾಡಿಸಲು ಪ್ರೋಗ್ರಾಂ ಬರೆಯುವವರು ಬಳಸುವ ರಚನೆಗೆ ಲೂಪ್ ಎಂದು ಹೆಸರು. ಪ್ರತಿ ಸುತ್ತಿಗೂ ಮುನ್ನ ಗಣಕವು ಒಂದು ನಿಬಂಧನೆಯನ್ನು ಪರೀಕ್ಷಿಸಿ, ಅದು ಸತ್ಯವಾಗಿರುವವರೆಗೆ ಮುಂದುವರಿದು, ಮಿಥ್ಯೆಯಾದೊಡನೆ ಹೊರಬರುವುದು ಅದರ ಕ್ರಮ. ಆ ನಿಬಂಧನೆಯ ಸ್ಥಾನವನ್ನೇ ಬರಿದಾಗಿ ಬಿಟ್ಟರೆ ಗಣಕವು ಅದನ್ನು ಹೌದೆಂದು ಗ್ರಹಿಸಬೇಕೆ, ಅಲ್ಲವೆಂದೆ, ಅಥವಾ ಬರೆದವರ ಪ್ರಮಾದವೆಂದು ತಿರಸ್ಕರಿಸಬೇಕೆ?

ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿಯವರು 1970ರ ದಶಕದ ಆದಿಯಲ್ಲಿ ರೂಪಿಸಿದ ಸಿ ಭಾಷೆಯ 'ಫಾರ್' ಲೂಪಿನ ಆವರಣದೊಳಗೆ, ಎರಡು ಸೆಮಿಕೋಲನ್‌ಗಳಿಂದ ಬೇರ್ಪಟ್ಟ ಮೂರು ಸ್ಥಾನಗಳುಂಟು: ಆರಂಭ, ನಿಬಂಧನೆ, ಸುತ್ತಿನ ಕೊನೆಯ ಬದಲಾವಣೆ. ಮೂರನ್ನೂ ಬಿಟ್ಟು 'ಫಾರ್ (;;)' ಎಂದಷ್ಟೇ ಬರೆದರೂ ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ಕಂಪೈಲರ್ ಆಕ್ಷೇಪಿಸದೆ, ಕಾಣದ ನಿಬಂಧನೆಯನ್ನು ಸದಾ ಸತ್ಯವೆಂದೇ ಭಾವಿಸುತ್ತದೆ; ಲೂಪು ಅನಂತವಾಗಿ ಸುತ್ತುತ್ತದೆ. ಅದೇ ಭಾಷೆಯಲ್ಲಿ 'ವೈಲ್' ಲೂಪಿನ ಆವರಣವನ್ನು ಖಾಲಿ ಬಿಟ್ಟರೆ ಮಾತ್ರ ವ್ಯಾಕರಣದೋಷ. ಈ ಪಕ್ಷಪಾತಕ್ಕೆ ಕಾರಣವಿಲ್ಲದಿಲ್ಲ: ಫಾರ್‌ನಲ್ಲಿ ಸೆಮಿಕೋಲನ್‌ಗಳು ನಿಂತೇ ಇರುವುದರಿಂದ ಬಿಟ್ಟದ್ದು ಬುದ್ಧಿಪೂರ್ವಕವೆಂದು ತಿಳಿಯುತ್ತದೆ, ವೈಲ್‌ಗಾದರೋ ನಿಬಂಧನೆಯೊಂದೇ ಸರ್ವಸ್ವ. ಶೂನ್ಯವನ್ನು ಸತ್ಯವೆನ್ನುವುದಕ್ಕೆ ತರ್ಕಶಾಸ್ತ್ರದ ಸಮ್ಮತಿಯೂ ಇದೆ. ಪಾಲಿಸಬೇಕಾದ ಷರತ್ತೇ ಇಲ್ಲದೆಡೆ ಷರತ್ತನ್ನು ಮುರಿಯುವುದೆಂತು? ಖಾಲಿ ಪಟ್ಟಿಯಲ್ಲಿರುವುದೆಲ್ಲವೂ ಸತ್ಯವೇ ಎಂದು ಪೈಥಾನ್ ಭಾಷೆಯನ್ನು ಕೇಳಿದರೆ ಅದು ಹೌದೆಂದೇ ಉತ್ತರಿಸುತ್ತದೆ.

ಕೊನೆಯಿಲ್ಲದ ಲೂಪು ವಿಕೃತಿಯೆಂದು ಬಗೆಯಬೇಕಿಲ್ಲ. ಸಂಚಾರದೀಪವನ್ನು ನಡೆಸುವ ಪ್ರೋಗ್ರಾಂ ವಿದ್ಯುತ್ತು ಇರುವಷ್ಟು ಕಾಲವೂ ಸುತ್ತುತ್ತಲೇ ಇರಬೇಕಷ್ಟೆ. ನಡುವೆ ಹೊರಬರಬೇಕಾದವರಿಗೆ 'ಬ್ರೇಕ್' ಎಂಬ ಆಜ್ಞೆಯುಂಟು. 2009ರಲ್ಲಿ ಗೂಗಲ್ ಹೊರತಂದ ಗೋ ಭಾಷೆ ಸೆಮಿಕೋಲನ್‌ಗಳನ್ನೂ ಕೈಬಿಟ್ಟು, 'ಫಾರ್' ಎಂಬುದೊಂದನ್ನೇ ಅನಂತವೆಂದಿತು. ಪರ್ಲ್ ಭಾಷೆ ಖಾಲಿ ವೈಲನ್ನೂ ಉದಾರವಾಗಿ ಒಪ್ಪುತ್ತದೆ. ರಸ್ಟ್ ಭಾಷೆಯಲ್ಲಿ ಇದಕ್ಕೆಂದೇ 'ಲೂಪ್' ಎಂಬ ಪ್ರತ್ಯೇಕ ಪದವಿದ್ದು, ನನ್ನ ಮಟ್ಟಿಗೆ ಇದೇ ಹೆಚ್ಚು ಪ್ರಾಮಾಣಿಕವಾದ ಮಾರ್ಗ.

ನಿಜವಾದ ತೊಡಕು ಹುಟ್ಟಿದ್ದು ಕಂಪೈಲರ್‌ಗಳು ಅತಿಜಾಣರಾದ ಮೇಲೆ. ಹೊರಗೆ ಯಾವ ಪರಿಣಾಮವನ್ನೂ ಉಂಟುಮಾಡದ ಲೂಪು ಎಂದಾದರೊಮ್ಮೆ ಮುಗಿದೇ ಮುಗಿಯುವುದೆಂದು ಕಂಪೈಲರ್ ಊಹಿಸಬಹುದೆಂದು 2011ರ ಸಿ ಮಾನಕವು ಅನುಮತಿಯಿತ್ತಾಗ, ನಿಬಂಧನೆ ಬಿಟ್ಟ ಲೂಪಿಗೆ ಅದರಿಂದ ವಿನಾಯಿತಿ ದೊರೆಯಿತು. ಅದೇ ವರ್ಷದ ಸಿ ಪ್ಲಸ್ ಪ್ಲಸ್ ಮಾನಕದಲ್ಲಿ ಆ ವಿನಾಯಿತಿಯಿರಲಿಲ್ಲ. ಆದಕಾರಣ ಕ್ಲ್ಯಾಂಗ್ ಕಂಪೈಲರ್ ಖಾಲಿ ಒಡಲಿನ ಅನಂತ ಲೂಪನ್ನು ಸಮೂಲವಾಗಿ ಅಳಿಸಿಬಿಡಲು, ಯಾರೂ ಕರೆಯದೆ ಇದ್ದ, ಪ್ರೋಗ್ರಾಂನ ಪಕ್ಕದ ತುಂಡು (ಫಂಕ್ಷನ್) ತಾನೇ ನಡೆದುಹೋದದ್ದುಂಟು. ಇಂಥ ಸರಳ ಲೂಪುಗಳಿಗೆ ರಕ್ಷಣೆ ನೀಡುವ ತಿದ್ದುಪಡಿಯನ್ನು ಸಿ ಪ್ಲಸ್ ಪ್ಲಸ್ ಸಮಿತಿಯು 2024ರಲ್ಲಿ ಅಂಗೀಕರಿಸಿತು.