ಅಣುವಿನ ಆಕಾರ, ದ್ರವ ಸ್ಫಟಿಕದ ನಡೆ

ದ್ರವ ಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತೆ ನೀಳವಾಗಿರಬೇಕು. ಜರ್ಮನಿಯ ಹಾಲೆ ನಗರದಲ್ಲಿ ರಸಾಯನ ವಿಜ್ಞಾನಿ ಡ್ಯಾನಿಯಲ್ ಫೋರ್ಲೆಂಡರ್ 20ನೇ ಶತಮಾನದ ಮೊದಲ ದಶಕದಲ್ಲಿ ಕಂಡುಕೊಂಡ ಈ ಸೂತ್ರವನ್ನು ವಿಜ್ಞಾನಿಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದರು. 1977ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದು ಅದರ ಎಲ್ಲೆಯನ್ನು ದಾಟಿತು.

ಮೊದಲು ಕಡ್ಡಿಯ ಗುಣವನ್ನೇ ನೋಡೋಣ. ಹೊಳೆಯಲ್ಲಿ ತೇಲಿಬಿಟ್ಟ ಬಿದಿರಿನ ಬೊಂಬುಗಳು ಮುಂದಕ್ಕೆ ಸಾಗುತ್ತಲೇ ಇರುತ್ತವೆ, ಆದರೂ ಬಹುಪಾಲು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ‘ನೆಮ್ಯಾಟಿಕ್’ ಎಂಬ ದ್ರವ ಸ್ಫಟಿಕದಲ್ಲಿ ಅಣುಗಳ ಸ್ಥಿತಿಯೂ ಹಾಗೆಯೇ. ಹರಿಯುವುದರಲ್ಲಿ ಅದು ದ್ರವ. ಬೆಳಕು ಅಣುಗಳ ಉದ್ದಕ್ಕೆ ಒಂದು ಬಗೆಯಾಗಿ, ಅಡ್ಡಕ್ಕೆ ಇನ್ನೊಂದು ಬಗೆಯಾಗಿ ಬಾಗುವುದರಲ್ಲಿ ಸ್ಫಟಿಕ.

ಎಲ್‌ಸಿಡಿ ಪರದೆಗಳಿಗೆ ದಾರಿ ಮಾಡಿಕೊಟ್ಟದ್ದು ಅಂಥದೇ ಒಂದು ಪುಟ್ಟ ಕಡ್ಡಿ. ಆವರೆಗೆ ಬಳಕೆಯಲ್ಲಿದ್ದ ಹಲವು ಅಣುಗಳಲ್ಲಿ ಎರಡು ಬೆಂಜೀನ್ ಉಂಗುರಗಳ ನಡುವೆ ಪರಮಾಣುಗಳ ಸೇತುವೆಯೊಂದಿರುತ್ತಿತ್ತು. ತೇವ ತಗುಲಿದರೆ ಆ ಸೇತುವೆ ಮುರಿದು ವಸ್ತು ಕೆಡುತ್ತಿತ್ತು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಮತ್ತು ಸಂಗಡಿಗರು ಸೇತುವೆಯನ್ನೇ ತೆಗೆದು ಉಂಗುರಗಳನ್ನು ನೇರವಾಗಿ ಜೋಡಿಸಿದರು. 1973ರಲ್ಲಿ ಪ್ರಕಟವಾದ ಆ ಅಣುವಿನ ಹೆಸರು 5ಸಿಬಿ.

ಅದರ ಒಂದೊಂದು ಭಾಗಕ್ಕೂ ಒಂದೊಂದು ಕೆಲಸವಿದೆ. ಉಂಗುರಗಳು ಅಣುವನ್ನು ಬಿಗಿಯಾಗಿ ನೀಳವಾಗಿಡುತ್ತವೆ. ಒಂದು ತುದಿಯಲ್ಲಿ ಐದು ಇಂಗಾಲದ ಪರಮಾಣುಗಳ ಬಳುಕುವ ಬಾಲವಿದೆ. ಅಣುಗಳು ಒತ್ತೊತ್ತಾಗಿ ಸೇರಿ ಗಟ್ಟಿಯಾಗಲು ಅದು ಬಿಡುವುದಿಲ್ಲ. ಇನ್ನೊಂದು ತುದಿಯ ಸಯನೋ ಗುಂಪು ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಹಾಗಾಗಿ ಕೆಲವೇ ವೋಲ್ಟುಗಳ ವಿದ್ಯುತ್ತಿಗೂ ಅಣುಗಳ ಸಾಲು ತಿರುಗಿ ನಿಲ್ಲುತ್ತದೆ, ಪರದೆಯ ಆ ಜಾಗದಲ್ಲಿ ಬೆಳಕು ದಾಟುವ ಬಗೆ ಬದಲಾಗುತ್ತದೆ.

5ಸಿಬಿ ಸುಮಾರು 24ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗೆ ನೆಮ್ಯಾಟಿಕ್ ಆಗಿರುತ್ತದೆ. ಬಾಲಕ್ಕೆ ಇನ್ನೊಂದು ಇಂಗಾಲ ಸೇರಿಸಿದರೆ ಮೇಲಿನ ಮಿತಿ 29ರ ಆಸುಪಾಸಿಗೆ ಇಳಿಯುತ್ತದೆ. ಮತ್ತೊಂದು ಸೇರಿಸಿದರೆ 42 ದಾಟುತ್ತದೆ. ಬಾಲದ ಇಂಗಾಲಗಳು ಬೆಸ ಸಂಖ್ಯೆಯಲ್ಲಿದ್ದಾಗ ಕೊನೆಯ ಬಂಧ ಕಡ್ಡಿಯ ನೇರಕ್ಕೆ ಚಾಚುತ್ತದೆ, ಸಮ ಸಂಖ್ಯೆಯಲ್ಲಿದ್ದಾಗ ಪಕ್ಕಕ್ಕೆ ವಾಲುತ್ತದೆ. ಈ ಏರಿಳಿತಕ್ಕೆ ಅದೇ ಕಾರಣ. ಎಂಟು ಇಂಗಾಲಗಳ ಬಾಲವಿದ್ದರೆ ಅಣುಗಳು ಪದರಗಳಾಗಿಯೂ ಕೂರುತ್ತವೆ. ಆದರೆ ಗಡಿಯಾರದ ಪರದೆ ಚಳಿಗೂ ಬಿಸಿಲಿಗೂ ಒಗ್ಗಬೇಕಲ್ಲ? ಅದಕ್ಕೆ ವಿಜ್ಞಾನಿ ಪೀಟರ್ ರೇನ್ಸ್ ಇಂಥ ಹಲವು ಅಣುಗಳನ್ನು ಲೆಕ್ಕಹಾಕಿ ಬೆರೆಸಿ, ಸುಮಾರು ಮೈನಸ್ 10ರಿಂದ 60 ಡಿಗ್ರಿವರೆಗೆ ಕೆಲಸ ಮಾಡುವ ಇ7 ಮಿಶ್ರಣವನ್ನು ರೂಪಿಸಿದರು.

ಅಣು ತನ್ನ ಕನ್ನಡಿ ಬಿಂಬಕ್ಕೆ ಹೊಂದದಂತಿದ್ದರೆ ಸಾಲುಗಳು ಸುರುಳಿಯಾಗಿ ತಿರುಚಿಕೊಳ್ಳುತ್ತವೆ. ಸುರುಳಿಯ ಅಳತೆ ಶಾಖಕ್ಕೆ ತಕ್ಕಂತೆ ಬದಲಾದಾಗ ಅದು ಹೊಮ್ಮಿಸುವ ಬಣ್ಣವೂ ಬದಲಾಗುತ್ತದೆ. ಜ್ವರ ನೋಡಲು ಹಣೆಗೆ ಅಂಟಿಸುವ ಪಟ್ಟಿಯ ಗುಟ್ಟು ಇದೇ.

ಇನ್ನು ಬೆಂಗಳೂರಿನ ಕತೆ. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಮುನ್ನಡೆಸಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರನ್ನು ಒಂದು ಪ್ರಶ್ನೆ ಕಾಡಿತ್ತು: ಅಣು ಚಪ್ಪಟೆ ಬಿಲ್ಲೆಯಂತಿದ್ದರೆ ಏನಾದೀತು? ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ ಅವರು ಪರೀಕ್ಷಿಸಿದ್ದು ಒಂದೇ ಬೆಂಜೀನ್ ಉಂಗುರದ ಸುತ್ತ ಆರು ಬಾಲಗಳಿರುವ ಅಣುಗಳನ್ನು. ಬಿಲ್ಲೆಗಳು ಒಂದರ ಮೇಲೊಂದು ಪೇರಿಕೊಂಡು ಕಂಬಗಳಾದವು. ಸುತ್ತಲಿನ ಬಾಲಗಳು ಮಾತ್ರ ದ್ರವದಂತೆ ಸಡಿಲವಾಗಿದ್ದವು. ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟವಾದ ಆ ಪುಟ್ಟ ಪ್ರಬಂಧದಿಂದ ದ್ರವ ಸ್ಫಟಿಕಗಳ ಹೊಸ ಕುಲವೇ ತೆರೆದುಕೊಂಡಿತು. ಇಂಥ ಕೆಲವು ಅಣುಗಳಲ್ಲಿ ವಿದ್ಯುದಾವೇಶ ಕಂಬದ ಉದ್ದಕ್ಕೆ ಸಲೀಸಾಗಿ ಸಾಗುತ್ತದೆ, ಅಡ್ಡಕ್ಕೆ ತಡವರಿಸುತ್ತದೆ. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದಾಗಲೂ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಜಪಾನಿನ ಫ್ಯೂಜಿಫಿಲ್ಮ್ ತಯಾರಿಸಿದ ತೆಳುಪೊರೆಯಲ್ಲಿರುವುದೂ ಬಿಲ್ಲೆ ಅಣುಗಳೇ.

1996ರಲ್ಲಿ ಟೋಕಿಯೋದಿಂದ ಇನ್ನೊಂದು ಅಚ್ಚರಿ ಬಂತು. ನಡುವೆ ಬಾಗಿದ ಅಣುಗಳು ಪದರದಲ್ಲಿ ಒತ್ತಾಗಿ ಕೂರಲು ಒಂದೇ ಕಡೆಗೆ ಬಾಗಿ ನಿಲ್ಲುತ್ತವೆ. ಅದರಿಂದಲೇ ಪದರಕ್ಕೆ ವಿದ್ಯುತ್ ಧ್ರುವತೆ ಬರುತ್ತದೆ. ಅದಕ್ಕೆ ಕನ್ನಡಿ ಬಿಂಬಕ್ಕೆ ಹೊಂದದ ಅಣುಗಳೇ ಬೇಕೆಂಬ ನಿಬಂಧನೆ ಅಲ್ಲಿಗೆ ಸಡಿಲಾಯಿತು. ಸದಾಶಿವ ಅವರ ತಂಡವೂ ಬೆಂಗಳೂರಿನಲ್ಲಿ ಈ ಬಾಗಿದ ಅಣುಗಳನ್ನು ತಯಾರಿಸಿ, ಒಂದು ಫ್ಲೋರಿನ್ ಪರಮಾಣುವಿನ ಜಾಗ ಬದಲಾದರೆ ಅವುಗಳ ಗುಣ ಹೇಗೆ ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸಿತು.