ಇಸಬಗೋಲಿನ ಹೊಟ್ಟು ಮತ್ತು ಕರಗುವ ನಾರು

ಇಸಬಗೋಲು ಎಂಬ ಹೆಸರು ಪಾರಸೀ ಮೂಲದ್ದು. ಕುದುರೆಯ ಕಿವಿ ಎಂದು ಅದರ ಅರ್ಥ. ದೋಣಿಯಾಕಾರದ ಆ ಪುಟ್ಟ ಬೀಜವನ್ನು ಕಂಡವರು ಈ ಹೋಲಿಕೆಯನ್ನು ಒಪ್ಪದಿರಲಾರರು. ಸಸ್ಯಶಾಸ್ತ್ರದಲ್ಲಿ ಇದು ಪ್ಲಾಂಟಾಗೊ ಓವಾಟಾ. ಉತ್ತರ ಗುಜರಾತು, ರಾಜಸ್ಥಾನಗಳಲ್ಲಿ ಇದನ್ನು ಚಳಿಗಾಲದ ಪೈರಾಗಿ ಬೆಳೆಯುತ್ತಾರೆ. ಊಂಝಾ ಇದರ ಹೆಸರಾಂತ ಪೇಟೆ. ತೆನೆ ಮಾಗಿದ ಮೇಲೆ ಒಂದು ಮಳೆ ಬಿದ್ದರೂ ಬೀಜವು ನೀರುಂಡು ಉಬ್ಬಿ ಉದುರಿಹೋಗುವುದು. ರೈತನಿಗೆ ಕೇಡಾದ ಈ ಗುಣವೇ ರೋಗಿಗೆ ಉಪಕಾರಿಯಾಗಿದೆ.

ಬೀಜದ ತೂಕದಲ್ಲಿ ಸುಮಾರು ಕಾಲುಭಾಗವಾದ ಹೊಟ್ಟಿನಲ್ಲಿ ಅರಬಿನೊಕ್ಸೈಲಾನ್ ಎಂಬ ಬಹುಶರ್ಕರವು ಹೇರಳವಾಗಿದೆ. ನಮ್ಮ ಪಾಚಕರಸಗಳು ಇದನ್ನು ಒಡೆಯಲಾರವು. ನೀರು ಸೋಕಿದೊಡನೆ ಇದು ಗಟ್ಟಿಯಾದ ಲೋಳೆಯಾಗುತ್ತದೆ. ದೊಡ್ಡ ಕರುಳು ಮಲದಿಂದ ನೀರನ್ನು ಹೀರಿಕೊಳ್ಳುವುದಷ್ಟೆ. ಈ ಹೀರಿಕೆ ಮಿತಿಮೀರಿದರೆ ಮಲವು ಒಣಗಿ ಗಟ್ಟಿಯಾಗುವುದು. ಲೋಳೆಯಾದರೋ ತಾನು ಹಿಡಿದ ನೀರನ್ನು ಸುಲಭವಾಗಿ ಬಿಟ್ಟುಕೊಡದು; ಆದಕಾರಣ ಮಲವು ಮೃದುವಾಗಿಯೇ ಉಳಿಯುತ್ತದೆ. ಭೇದಿಯಲ್ಲಿ ಅದೇ ಲೋಳೆಯು ಹೆಚ್ಚಿನ ನೀರನ್ನು ತನ್ನೊಳಗೆ ಸೆಳೆದು ಮಲಕ್ಕೆ ಗಟ್ಟಿತನವನ್ನು ಕೊಡುವುದು. ಮಲಬದ್ಧತೆಗೂ ಭೇದಿಗೂ ಒಂದೇ ಪದಾರ್ಥವನ್ನು ಹೇಳುವ ವೈದ್ಯರನ್ನು ಕಂಡು ನಗುವವರು ಇದನ್ನು ಗಮನಿಸತಕ್ಕದ್ದು.

ಕರಗುವ ನಾರೆಲ್ಲವೂ ಹೀಗೆಯೇ ವರ್ತಿಸುವುದೆಂದು ಪಠ್ಯಪುಸ್ತಕಗಳನ್ನೋದಿದ ವಿದ್ಯಾರ್ಥಿಗಳು ಭಾವಿಸುವುದುಂಟು. ಇದು ತಪ್ಪು. ನಮ್ಮ ಗೋರಿಕಾಯಿಯ ಬೀಜದಿಂದ ತೆಗೆಯುವ ಗ್ವಾರ್ ಅಂಟು ಕೂಡ ಕರಗುವ ನಾರೇ. ಅದೂ ನೀರಿನಲ್ಲಿ ಮಂದವಾಗುವುದು. ಆದರೆ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಬೇಗನೆ ಹುದುಗಿಸಿ ಕಿರು ಮೇದಾಮ್ಲಗಳನ್ನೂ ಅನಿಲವನ್ನೂ ಉಂಟುಮಾಡುತ್ತವೆ. ಆ ಆಮ್ಲಗಳು ಕರುಳಿನ ಗೋಡೆಗೆ ಆಹಾರವೆಂಬುದು ದಿಟ; ಆದರೆ ನೀರನ್ನು ಹಿಡಿದಿಡಲು ಲೋಳೆಯೇ ಉಳಿಯದು! ಚಿಕೋರಿ ಬೇರಿನ ಇನುಲಿನ್ ಕರಗಿದರೂ ಇಂತಹ ಲೋಳೆಯನ್ನು ಕಟ್ಟದು. ಅದೂ ಬಹುಮಟ್ಟಿಗೆ ಹುದುಗಿಹೋಗುವುದು. ಇಸಬಗೋಲಾದರೆ ಅಷ್ಟಾಗಿ ಹುದುಗದೆ ಕೊನೆಯವರೆಗೂ ಲೋಳೆಯಾಗಿಯೇ ಸಾಗುತ್ತದೆ. ‘ಕರಗುವ’ ಎಂಬ ವಿಶೇಷಣವೊಂದನ್ನೇ ನಂಬಿ ಡಬ್ಬಿಯನ್ನು ಕೊಳ್ಳುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ.

ಈ ಲೋಳೆಯು ಪಿತ್ತಾಮ್ಲಗಳನ್ನೂ ಹಿಡಿದು ಹೊರಹಾಕುವುದು. ಆ ನಷ್ಟವನ್ನು ತುಂಬಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 7 ಗ್ರಾಂ ಇಸಬಗೋಲಿನ ಕರಗುವ ನಾರು, ಪಥ್ಯದೊಡನೆ, ಹೃದ್ರೋಗದ ಸಂಭವವನ್ನು ತಗ್ಗಿಸಬಹುದೆಂಬ ಹೇಳಿಕೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ ಅನುಮತಿಯಿತ್ತಿತು.

ಪ್ರಯೋಗಶಾಲೆಯಲ್ಲಿ ಒಂದು ಚಮಚ ಹೊಟ್ಟಿಗೆ ಸ್ವಲ್ಪವೇ ನೀರೆರೆದು ಕೆಲವು ನಿಮಿಷ ಬಿಟ್ಟು ಬೀಕರನ್ನು ಬೋರಲಾಗಿ ಹಿಡಿದು ನೋಡಿರಿ. ಮುದ್ದೆಯು ಕೆಳಗೆ ಜಾರದೆ ಕಚ್ಚಿಕೊಂಡಿರುವುದು. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದವರ ಗಂಟಲಿನಲ್ಲಿಯೂ ಇದೇ ನಡೆಯಬಲ್ಲುದು, ಉಸಿರುಕಟ್ಟುವ ಅಪಾಯವುಂಟು. ಆದುದರಿಂದ ತುಂಬಿದ ಲೋಟದ ನೀರಿನಲ್ಲಿ ಕದಡಿ, ಮಂದವಾಗುವ ಮೊದಲೇ ಕುಡಿಯತಕ್ಕದ್ದು. ನುಂಗಲು ತೊಂದರೆಯುಳ್ಳವರೂ ಕರುಳಿನ ತಡೆಯುಳ್ಳವರೂ ಇದನ್ನು ಮುಟ್ಟಲಾಗದು. ಬೇರೆ ಔಷಧಗಳನ್ನು ಸೇವಿಸುವವರು ಎರಡು ಗಂಟೆಯ ಅಂತರವನ್ನಾದರೂ ಇಡುವುದು ಕ್ಷೇಮ.