ಕೊಳವೆ ಹಿಡಿದ ಸಾರಥಿ

ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಮಗ್ಗದ ಸದ್ದು ತುಂಬಿದ ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ, ಮಲಗುಂಡಿಯನ್ನು ಹೀರಿ ಬರಿದುಮಾಡುವ ಸಕ್ಕಿಂಗ್ ಲಾರಿಯನ್ನು ನುಗ್ಗಿಸುವುದು ಸುಲಭವಲ್ಲ. ಲಾರಿಯನ್ನು ಓಣಿಯ ಬಾಯಲ್ಲಿಯೇ ನಿಲ್ಲಿಸಿ, ದಪ್ಪ ಕೊಳವೆಯನ್ನು ಗುಂಡಿಯವರೆಗೆ ಎಳೆದೊಯ್ಯಬೇಕು.

ಯಂತ್ರದ ಗುಟ್ಟು ಸರಳವಾದುದು. ಪಂಪು ಲಾರಿಯ ಟ್ಯಾಂಕಿನೊಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ಹೊರಗಿನ ವಾಯುವಿನ ಒತ್ತಡವೇ ಕೆಸರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ. ಆ ಒತ್ತಡವು ನೀರನ್ನು ಕೂಡ 10 ಮೀಟರಿಗಿಂತ ಹೆಚ್ಚು ಎತ್ತಲಾರದು. ತಳದಲ್ಲಿ ಹೆಪ್ಪುಗಟ್ಟಿದ ಕೆಸರಿನ ಪಾಡಂತೂ ಹೇಳುವುದೇ ಬೇಡ! ಅದಕ್ಕೆ ನೀರು ಹಾಯಿಸಿ, ಕಲಕಿ, ಕಾಯಬೇಕು. ಮನೆಯವರಿಗೆ ಅಷ್ಟು ಸಹನೆ ಎಲ್ಲಿಯದು? “ಒಬ್ಬಾಂವನ್ನ ಒಳಗ ಇಳಸ್ರಲ್ಲಾ” ಎಂಬ ಮಾತು ಹೊರಡುವುದು ಆಗಲೇ.

ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಮಿತಿಮೀರಿದೊಡನೆ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ನಾತ ಅಡಗಿತೆಂದು ನಂಬಿ ಇಳಿದವನು ಮರಳುವುದು ದುರ್ಲಭ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಗುಂಡಿಗಿಳಿಸುವುದು 2013ರ ಕಾಯಿದೆಯಂತೆ ಅಪರಾಧ. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಆದರೆ ಗುಂಡಿಯ ಬಳಿ ಕೋರ್ಟೂ ಇಲ್ಲ, ಪೊಲೀಸರೂ ಇಲ್ಲ, ಬೇಡವೆನ್ನಬೇಕಾದವನು ಚಾಲಕನೇ. ಓಣಿಯವರು ಗೊಣಗುತ್ತಿರಲಿ, ಬಲ್ಲ ಚಾಲಕನು ಮತ್ತೆರಡು ಕೊಡ ನೀರು ತರಿಸಿ ಸುರಿಸುತ್ತಾನೆ, ಪಂಪನ್ನು ಮತ್ತೆ ಚಾಲೂ ಮಾಡುತ್ತಾನೆ.